ಚಕ್ರ, ಸೈಕಲ್, ವೀಲ್

ಈ ಮೂರು ಪದಗಳನ್ನೂ ನಾವು ಕನ್ನಡದ ಮಾತಿನ ನಡುವೆ ಬಳಸ್ತೀವಿ. ಮೂರಕ್ಕೂ ಮೂಲ ಒಂದೇ. ಅಮೆರಿಕದ ಪುರಾತತ್ವಜ್ಞ ಡೇವಿಡ್ ಆಂಥೊನಿ 2007ರಲ್ಲಿ ಬರೆದ ‘ದಿ ಹಾರ್ಸ್, ದಿ ವೀಲ್, ಅಂಡ್ ಲ್ಯಾಂಗ್ವೇಜ್’ ಪುಸ್ತಕದ ಮುಖ್ಯ ವಾದ ನಿಂತಿರೋದು ಇಂಥ ಪದಗಳ ಮೇಲೆ.

ಸಂಸ್ಕೃತದಲ್ಲಿ ಚಕ್ರ, ಗ್ರೀಕ್‌ನಲ್ಲಿ ಕುಕ್ಲೋಸ್, ಹಳೆ ಇಂಗ್ಲಿಷಿನಲ್ಲಿ ಹ್ವೇಓಲ್. ಇವುಗಳಿಂದ ಹಿಂದಕ್ಕೆ ಹೋಗಿ ಭಾಷಾಶಾಸ್ತ್ರಜ್ಞರು *ಕ್ವೆಕ್ವ್ಲೋಸ್ ಅನ್ನೋ ರೂಪ ಕಟ್ಟಿದ್ದಾರೆ. ‘ತಿರುಗು’ ಅನ್ನೋ ಅರ್ಥದ *ಕ್ವೆಲ್ ಇದರ ಧಾತು. ಮುಂದಿರೋ ನಕ್ಷತ್ರ ಚಿಹ್ನೆಗೆ ‘ಇದು ಬರಹದಲ್ಲಿ ಎಲ್ಲೂ ಸಿಕ್ಕಿಲ್ಲ’ ಅಂತ ಅರ್ಥ. ನಮ್ಮ ಕೆಲಸದ ಮಾತಲ್ಲಿ ಹೇಳಿದರೆ ರಿವರ್ಸ್ ಎಂಜಿನಿಯರಿಂಗ್. ಹಾಗಂತ ಬರೀ ಊಹೆಯಲ್ಲ. ಹಳಗನ್ನಡದ ‘ಪಾಲ್’ ಹಾಲಾದ ಹಾಗೇ ‘ಪುಲಿ’ ಹುಲಿಯಾಯ್ತಲ್ಲ, ಅಲ್ಲೂ ಅಂಥದೇ ನಿಯಮಗಳಿವೆ. ಸಂಸ್ಕೃತದ ‘ಕಃ’ ಹಳೆ ಇಂಗ್ಲಿಷಿನಲ್ಲಿ ‘ಹ್ವಾ’.

ಚಕ್ರ ಬಳಕೆಗೆ ಬಂದದ್ದು ಸುಮಾರು ಕ್ರಿ.ಪೂ. 3500ರ ಆಸುಪಾಸು. ವಸ್ತುವೇ ಇಲ್ಲದಿದ್ದಾಗ ಅದಕ್ಕೊಂದು ಹೆಸರು ಇರಲ್ಲ. ಹಾಗಾಗಿ ಮೂಲಭಾಷೆ ಅದಕ್ಕಿಂತ ಸಾವಿರಾರು ವರ್ಷ ಮೊದಲೇ ಒಡೆದಿರಲಾರದು ಅಂತಾರೆ ಆಂಥೊನಿ. ಬೇಸಾಯದ ಜೊತೆಗೇ ಈ ಭಾಷೆಗಳು ಹರಡಿದವು ಅಂತ 1987ರಲ್ಲಿ ವಾದಿಸಿದ್ದ ಕಾಲಿನ್ ರೆನ್‌ಫ್ರೂಗೆ ಇದು ಗಟ್ಟಿ ಉತ್ತರ. ‘ತಿರುಗು’ ಧಾತುವಿನಿಂದ ಒಬ್ಬೊಬ್ಬರೂ ಬೇರೆ ಬೇರೆಯಾಗಿ ಪದ ಕಟ್ಟಿರಬಹುದಲ್ವಾ ಅನ್ನಬಹುದು. ಆದರೆ ಎಲ್ಲರೂ ‘ಕ್ವ’ವನ್ನು ಒಂದೇ ರೀತಿ ಇಮ್ಮಡಿಸಿದರು ಅಂತ ನಂಬೋದು ಕಷ್ಟ. ಜೊತೆಗೆ ಸಂಸ್ಕೃತದ ರಥಕ್ಕೆ ಲ್ಯಾಟಿನ್ನಿನ ರೋಟಾ, ಅಕ್ಷಕ್ಕೆ ಆಕ್ಸಿಸ್ ಇವೆ.

ನನ್ನ ತಕರಾರು ಇನ್ನೆರಡು ಕಡೆ. ಹಿಟ್ಟೈಟ್ ಭಾಷೆಯಲ್ಲಿ ಚಕ್ರಕ್ಕೆ ‘ಹುರ್ಕಿ’ ಅಂತಾರೆ. ಆ ಕವಲು ಚಕ್ರ ಬರೋ ಮೊದಲೇ ಬೇರೆಯಾಗಿತ್ತು ಅನ್ನೋದು ಆಂಥೊನಿ ವಿವರಣೆ. ಇರಬಹುದು. ಆದರೆ ಹಳೇ ಪದ ಕಳೆದುಹೋಗಿರಲೂಬಹುದು. ಪದ ಇದೆ ಅನ್ನೋ ಸಾಕ್ಷಿಯಷ್ಟು ತೂಕ ಪದ ಇಲ್ಲ ಅನ್ನೋದಕ್ಕಿಲ್ಲ.

ಪುಸ್ತಕದ ದ್ವಿತೀಯಾರ್ಧದಲ್ಲಿ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನ ಗೋರಿ, ಮಡಕೆ, ಕುದುರೆ ಮೂಳೆಗಳೇ ತುಂಬಿವೆ. ಮಡಕೆ ಮಾತಾಡಲ್ಲ. ಪದದ ವಂಶಾವಳಿ ಜನರ ವಂಶಾವಳಿ ಆಗಿಬಿಡೋ ಅಪಾಯ ಇರೋದು ಇಲ್ಲೇ. ನಮ್ಮೂರಲ್ಲಿ ಎಳೆಯೋದು ತೇರು, ಜಾತ್ರೆಯ ಕರಪತ್ರದಲ್ಲಿ ಅಚ್ಚಾಗೋದು ರಥೋತ್ಸವ. ‘ರಥ’ ನಮ್ಮ ಬಾಯಿಗೆ ಬಂತು ಅಂತ ಕನ್ನಡವೇನೂ ಆ ಕುಟುಂಬಕ್ಕೆ ಸೇರಲಿಲ್ಲ. ಒಂದು ಪದ ಹಿಡಿದು ಯಾರು ಎಲ್ಲಿಂದ ಬಂದವರು ಅಂತ ತೀರ್ಪು ಕೊಡೋರು ಇದನ್ನು ನೆನಪಿಡಬೇಕು. ಪುಸ್ತಕ ಓದಿ, ಮೊದಲರ್ಧವನ್ನಂತೂ ಬಿಡಬೇಡಿ.