ಒಣಗುಡ್ಡ ಹತ್ತುವವರಿಗೆ

ಬಾಗೂರು, ಹೊಸದುರ್ಗ, ಹಿರಿಯೂರು ಕಡೆಯ ಗುಡ್ಡ ನೋಡಿ ‘ಬರೀ ಕಲ್ಲು, ಮುಳ್ಳು, ಇಲ್ಲೇನಿದೆ’ ಎನ್ನುವವರು ಹೆಚ್ಚಾಗಿ ಕುದುರೆಮುಖವನ್ನೋ ಮುಳ್ಳಯ್ಯನಗಿರಿಯನ್ನೋ ಕಣ್ಣಲ್ಲಿಟ್ಟುಕೊಂಡು ಬಂದವರು. ಮಲೆನಾಡಿನ ಬೆಟ್ಟ ದೂರದಿಂದಲೇ ಕಣ್ತುಂಬುತ್ತದೆ. ನಮ್ಮ ಗುಡ್ಡವನ್ನು ಮೊದಲು ತೀರಾ ಹತ್ತಿರದಿಂದ ನೋಡಬೇಕು, ಆಮೇಲೆ ನೆತ್ತಿಯ ಮೇಲೆ ನಿಂತು ತೀರಾ ದೂರಕ್ಕೆ ನೋಡಬೇಕು. ಈ ಎರಡು ನೋಟ ರೂಢಿಯಾದರೆ ರುಚಿ ಹತ್ತುತ್ತದೆ.

ಕಲಿಯಲು ಚಿತ್ರದುರ್ಗದ ಜೋಗಿಮಟ್ಟಿ ಒಳ್ಳೆಯದು. ಎತ್ತರ ಸಮುದ್ರಮಟ್ಟದಿಂದ ಸುಮಾರು 3,800 ಅಡಿ. ವನ್ಯಜೀವಿಧಾಮವಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ. ಮೇಲಿನವರೆಗೂ ರಸ್ತೆಯಿದೆ, ಆದರೆ ಕಾರಿನಲ್ಲಿ ಹೋಗಿ ಇಳಿದವರಿಗೆ ಗುಡ್ಡ ದಕ್ಕುವುದಿಲ್ಲ. ಬಿಟ್ಟಷ್ಟು ದೂರವಾದರೂ ನಡೆಯಿರಿ.

ಜೂನ್, ಜುಲೈ ಮಳೆಯ ಬಹುಪಾಲನ್ನು ಸಹ್ಯಾದ್ರಿಯೇ ಹಿಡಿದುಕೊಳ್ಳುತ್ತದೆ. ನಮ್ಮ ಪಾಲಿಗೆ ಬರುವುದು ಗಾಳಿ ಮತ್ತು ಹಾರಿಹೋಗುವ ಮೋಡ. ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆ ಅಲ್ಲ. ಹದವಾದ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದು ಬಿದ್ದ ಮೇಲಿನ ದಿನಗಳು ಹೊಸಬರಿಗೆ ತಕ್ಕವು. ನಸುಕಿನಲ್ಲೇ ಹೊರಡಿ, ನೀರು ಧಾರಾಳವಾಗಿರಲಿ, ಬುತ್ತಿಗೆ ರೊಟ್ಟಿ ಚಟ್ನಿಪುಡಿ ಸಾಕು.

ದಾರಿಯಲ್ಲಿ ಬಂದ್ರೆ ಗಿಡ ಕಂಡರೆ ಕುಕ್ಕರುಗಾಲಲ್ಲಿ ಕೂತು ಒಂದೆಲೆ ಮುಟ್ಟಿ. ಬೆರಳಿಗೆ ಅಂಟಂಟು. ಎಲೆಯ ಮೇಲಿನ ಆ ಅಂಟೇ ಒಳಗಿನ ನೀರು ಆರದಂತೆ ಕಾಯುವುದು, ಬಿಸಿಲಿಗೆ ಎಲೆ ಮಿರುಗುವುದೂ ಅದರಿಂದಲೇ. ಕಾಯಿಗೆ ತೆಳ್ಳನೆಯ ರೆಕ್ಕೆ, ಬೀಜವನ್ನು ಗಾಳಿ ಒಯ್ಯಲಿ ಎಂದು. ಪಕ್ಕದ ಕಳ್ಳಿ ಇನ್ನೂ ಮುಂದೆ ಹೋಗಿ ಎಲೆಯನ್ನೇ ಹೆಚ್ಚುಕಡಿಮೆ ಬಿಟ್ಟಿದೆ, ಹಸಿರು ಕಾಂಡದಲ್ಲೇ ಅನ್ನ ಮಾಡಿಕೊಳ್ಳುತ್ತದೆ. ತಂಗಡಿಯ ಹಳದಿ ಹೂವಂತೂ ಎಲ್ಲರ ಕಣ್ಣಿಗೂ ಬೀಳುತ್ತದೆ. ನನ್ನ ಪ್ರಕಾರ ಈ ಗುಡ್ಡಗಳ ಸೊಗಸೆಲ್ಲ ಇಲ್ಲಿದೆ: ಸಿಕ್ಕಷ್ಟು ನೀರಿನಲ್ಲಿ ಬದುಕುವ ಜಾಣ್ಮೆಯಲ್ಲಿ. ಒಂದೇ ಗಿಡದ ಮುಂದೆ ಹತ್ತು ನಿಮಿಷ ಕೂರಲಾರದವರು ತುದಿ ಮುಟ್ಟಿದರೂ ಅರ್ಧ ನೋಡಿದಂತೆ.

ಕಲ್ಲಿಗೂ ಅಷ್ಟೇ ಸಮಯ ಕೊಡಿ. ಐಮಂಗಲದ ಕಡೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒತ್ತೊತ್ತಾಗಿ ಪೇರಿಸಿಟ್ಟಂತೆ ಕಾಣುವ ಲಾವಾ ಬಂಡೆಗಳಿವೆ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲಾವಾ ನೀರಿನೊಳಗೆ ಉಕ್ಕಿ ತಟ್ಟನೆ ತಣಿದಾಗ ಮಾತ್ರ ಆ ಆಕಾರ ಬರುತ್ತದೆ. ಎಂದರೆ ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಹಿಂದೆ ಈ ಬರದ ಸೀಮೆ ನೀರಿನಡಿ ಇತ್ತು. ಗುಡ್ಡ ಹತ್ತುವ ಮುಂಚೆ ಅದನ್ನು ನೋಡಿ ಬಂದರೆ ಕಾಲಡಿಯ ಕಲ್ಲು ಬೇರೆಯಾಗಿ ಕಾಣುತ್ತದೆ.

ನೆತ್ತಿಗೆ ಬಂದಾಗ ಫೋಟೊಗೆ ಅವಸರ ಬೇಡ. ಉಸಿರು ಹದಕ್ಕೆ ಬರಲಿ. ದಕ್ಷಿಣಕ್ಕೆ ತಿರುಗಿ ಮಾರಿಕಣಿವೆಯ ದಿಕ್ಕು ಗುರುತಿಸಿ. ಅಲ್ಲಿ ಎರಡು ಗುಡ್ಡಗಳ ನಡುವೆ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ ಅಣೆಕಟ್ಟು ಮುಗಿದದ್ದು 1907ರಲ್ಲಿ. ಅದು ಕೋಡಿ ಬಿದ್ದದ್ದು 1933ರಲ್ಲಿ, ಮತ್ತೆ 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ಆ ಇಸವಿಗಳ ನಡುವಿನ ಅಂತರ ನೆನೆದು ಸುತ್ತಲಿನ ಬಯಲು ನೋಡಿ, ಬೆಳಿಗ್ಗೆ ಮುಟ್ಟಿದ ಬಂದ್ರೆ ಎಲೆಗೆ ಅಂಟು ಯಾಕೆ ಬೇಕಾಯಿತೆಂದು ಚೆನ್ನಾಗಿ ತಿಳಿಯುತ್ತದೆ.

ಇಳಿಯುವುದನ್ನು ಸಂಜೆಗೆ ಮುಂದೂಡಬೇಡಿ, ಕರಡಿ ಚಿರತೆ ಓಡಾಡುವ ಹೊತ್ತು ಅದು. ಬೀಡಿ, ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ಫೆಬ್ರುವರಿಯ ಒಣಹುಲ್ಲಿಗೆ ಒಂದು ಕಿಡಿ ತಾಗಿದರೆ ಇಡೀ ಇಳಿಜಾರು ಸುಟ್ಟುಹೋಗುತ್ತದೆ.