ಎ ಗ್ರೇಡ್ ಮತ್ತು ಏಳು ದಿನ

"ಮಾಮಾ, ಕರೆಂಟ್ ಹೋತು, ಇದೂ ಹೋತು" ಎಂದು ಬೀಳಗಿಯಿಂದ ಅಕ್ಕನ ಮಗಳು ಫೋನ್ ಮಾಡಿದಾಗ ರಾತ್ರಿ ಒಂಬತ್ತಾಗಿತ್ತು. ಬಿಸಿಎ ಓದುವ ಹುಡುಗಿ. ಅವಳಿಗೆಂದೇ ನಾನು ಆನ್‌ಲೈನಿನಲ್ಲಿ ₹18,500 ಕೊಟ್ಟು ಬಳಸಿದ ಲ್ಯಾಪ್‌ಟಾಪ್ ತರಿಸಿದ್ದೆ. ಪರದೆಯ ಮೂಲೆಯಲ್ಲಿ ಬ್ಯಾಟರಿ 62% ಎಂದು ತೋರಿಸುತ್ತಿತ್ತಂತೆ. ಮನೆಯ ದೀಪ ಆರಿದ ಕ್ಷಣಕ್ಕೇ ಪರದೆಯೂ ಕಪ್ಪಾಯಿತು. ಪ್ರಾಜೆಕ್ಟ್ ರಿಪೋರ್ಟಿನ ನಾಲ್ಕು ಪುಟ ಸೇವ್ ಆಗಿರಲಿಲ್ಲ. ಅದು ಯಂತ್ರ ಮನೆಗೆ ಬಂದ ಆರನೆಯ ದಿನ. ವಾಪಸ್ ಕಳಿಸಲು ಮಾರಿದವರು ಕೊಟ್ಟಿದ್ದ ಗಡುವು ಏಳು ದಿನ.

ಜಮಖಂಡಿ ಉಪವಿಭಾಗದ ನಮ್ಮ ಊರುಗಳಲ್ಲಿ ಈಗ ಇಂಥ ಯಂತ್ರಗಳು ಮನೆಮನೆಗೆ ಬರುತ್ತಿವೆ. ಮುಧೋಳದಲ್ಲಿ ಡಿಪ್ಲೊಮಾ ಓದುವ ಹುಡುಗರು, ಬನಹಟ್ಟಿಯಲ್ಲಿ ಪವರ್‌ಲೂಮಿಗೆ ಸೀರೆಯ ಅಂಚು-ಸೆರಗಿನ ಡಿಸೈನ್ ಮಾಡಿಕೊಡುವವರು, ಜಮಖಂಡಿಯಲ್ಲಿ ನುಡಿಯಲ್ಲಿ ಅರ್ಜಿ ಟೈಪ್ ಮಾಡಿ ಹೊಟ್ಟೆ ಹೊರೆಯುವವರು, ಎಲ್ಲರೂ ಕೊಳ್ಳುತ್ತಾರೆ. ಈ ವ್ಯಾಪಾರವೇ ಬೇಡ ಎಂದು ನಾನು ಹೇಳಲಾರೆ. ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಡೆಲ್ ಲ್ಯಾಟಿಟ್ಯೂಡ್, ಲೆನೊವೊ ಥಿಂಕ್‌ಪ್ಯಾಡ್, ಎಚ್‌ಪಿ ಎಲೈಟ್‌ಬುಕ್‌ಗಳು ಗಟ್ಟಿ ಯಂತ್ರಗಳು. ಅದೇ ಬೆಲೆಯ ಹೊಸ ಅಗ್ಗದ ಲ್ಯಾಪ್‌ಟಾಪಿಗಿಂತ ಎಷ್ಟೋ ಸಲ ಮೇಲು. ಬಿಚ್ಚಿ ರಿಪೇರಿ ಮಾಡಲು ಬರುತ್ತದೆ, ಬಿಡಿಭಾಗ ಸಿಗುತ್ತವೆ. ಬಡವರ ಮನೆಯ ಮಗುವಿಗೆ ಸ್ವಂತ ಕಂಪ್ಯೂಟರ್ ಸಿಗುವ ದಾರಿ ಇದೊಂದೇ ಎಂಬುದನ್ನೂ ನಾನು ಬಲ್ಲೆ. ನನ್ನ ತಕರಾರು ಯಂತ್ರದ ಮೇಲಲ್ಲ. ಅದನ್ನು ವರ್ಣಿಸುವ ಭಾಷೆಯ ಮೇಲೆ, ಕೆಟ್ಟಾಗ ಅದನ್ನು ವಾಪಸ್ ತೆಗೆದುಕೊಳ್ಳುವ ರೀತಿಯ ಮೇಲೆ.

ಮೊದಲು ಭಾಷೆ. 'ಎ ಗ್ರೇಡ್' ಎಂದು ಬರೆದಿರುತ್ತಾರೆ. ಕೊಳ್ಳುವವನಿಗೆ ಅದು ಪರೀಕ್ಷೆಯಲ್ಲಿ ಬಂದ ಅಂಕದಂತೆ ಕೇಳಿಸುತ್ತದೆ. ಕೆಳಗಿನ ಸಣ್ಣ ಅಕ್ಷರ ಓದಿದರೆ ಗೊತ್ತಾಗುತ್ತದೆ: ಗೀರು ಕಡಿಮೆ, ಮೂಲೆ ಒಡೆದಿಲ್ಲ, ಪರದೆಯಲ್ಲಿ ಕಲೆ ಇಲ್ಲ. ಅಂದರೆ ಆ ಅಕ್ಷರ ಹೇಳುವುದು ಮೈಬಣ್ಣದ ಮಾತು. ಬ್ಯಾಟರಿ ಎಷ್ಟು ಸವೆದಿದೆ, ಡಿಸ್ಕ್ ಎಷ್ಟು ಸಾವಿರ ಗಂಟೆ ಓಡಿದೆ, ಫ್ಯಾನಿನ ದೂಳು ತೆಗೆದಿದ್ದಾರೋ ಇಲ್ಲವೋ, ಇವು ಆ ಗ್ರೇಡಿನಲ್ಲಿ ಇಲ್ಲ. ನಮ್ಮ ದನದ ಸಂತೆಯಲ್ಲಿ ಎತ್ತು ಕೊಳ್ಳುವವನು ಕೊಂಬಿಗೆ ಹಚ್ಚಿದ ಬಣ್ಣ ನೋಡಿ ಸಂಚಕಾರ ಕೊಡುವುದಿಲ್ಲ. ತುಟಿ ಎತ್ತಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. "ಗಳೇಕ್ ಹೂಡಿ ನೋಡ್ರಿ, ಆಮ್ಯಾಲ ರೊಕ್ಕಾ ಕೊಡ್ರಿ" ಎಂದು ಮಾರುವವನೇ ಹೇಳುವುದೂ ಉಂಟು. ಆ ಮಾತಿಗೆ ಸಮನಾದದ್ದು ಈ ಆನ್‌ಲೈನ್ ವ್ಯಾಪಾರದಲ್ಲಿ ಆ ಏಳು ದಿನಗಳೇ. ಆದರೆ ಅವು ಗಳೆ ಹೂಡಿ ನೋಡುವ ದಿನಗಳು ಎಂದು ಕೊಂಡವರಿಗೆ ಯಾರೂ ತಿಳಿಸಿ ಹೇಳುವುದಿಲ್ಲ.

ನಾವೂ ಹಾಗೆ ನೋಡಲಿಲ್ಲ. ಶುಕ್ರವಾರ ಪಾರ್ಸೆಲ್ ಜಮಖಂಡಿಗೆ, ನನ್ನ ವಿಳಾಸಕ್ಕೆ ಬಂತು. ರವಿವಾರ ನಾನು ಬೀಳಗಿಗೆ ಒಯ್ದು ಕೊಟ್ಟೆ. ಎರಡು ದಿನ ಅಲ್ಲಿಗೇ ಹೋಯಿತು. ಹಚ್ಚಿ ನೋಡಿದೆವು, ಹಾಡು ಕೇಳಿತು, ವೈಫೈ ಹಿಡಿಯಿತು, ಕುಂಕುಮ ಹಚ್ಚಿ ಪೂಜೆ ಆಯಿತು. ಆಮೇಲೆ ಚಾರ್ಜರ್ ಚುಚ್ಚಿಯೇ ಇಟ್ಟು ಅವಳು ಕೆಲಸ ಶುರು ಮಾಡಿದಳು. ದೋಷವಿದ್ದದ್ದು ಚಾರ್ಜರ್ ತೆಗೆದಾಗ ಮಾತ್ರ ಕಾಣುವ ಜಾಗದಲ್ಲಿ. ಅಂದು ಕರೆಂಟ್ ಹೋಗದಿದ್ದರೆ ಏಳನೆಯ ದಿನವೂ ಸುಮ್ಮನೆ ದಾಟುತ್ತಿತ್ತು.

ಕರೆಂಟ್ ಬಂದ ಮೇಲೆ ನಾನು ಫೋನಿನಲ್ಲೇ ಅವಳಿಗೆ ಹೇಳಿ ಒಂದು ಆಜ್ಞೆ ಟೈಪ್ ಮಾಡಿಸಿದೆ. ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ತೆರೆದು 'ಪವರ್‌ಸಿಎಫ್‌ಜಿ', ಒಂದು ಜಾಗ ಬಿಟ್ಟು ಓರೆಗೆರೆ, ಅದಕ್ಕೆ ಹತ್ತಿ 'ಬ್ಯಾಟರಿರಿಪೋರ್ಟ್'. ಕ್ಷಣದಲ್ಲಿ ಒಂದು ಪುಟ ತಯಾರಾಗುತ್ತದೆ. ಅದರಲ್ಲಿ ನೋಡಬೇಕಾದದ್ದು ಎರಡೇ ಸಾಲು: ಕಾರ್ಖಾನೆಯಿಂದ ಬಂದಾಗ ಬ್ಯಾಟರಿ ಎಷ್ಟು ಹಿಡಿಯುತ್ತಿತ್ತು, ಈಗ ತುಂಬ ಚಾರ್ಜ್ ಆದಾಗ ಎಷ್ಟು ಹಿಡಿಯುತ್ತದೆ. ನಮ್ಮದರಲ್ಲಿ ಮೊದಲನೆಯದು 51,000, ಎರಡನೆಯದು 19,400. ಪರದೆಯ ಮೇಲಿನ 62% ಅಂದರೆ ಆ ಉಳಿದ ಅಲ್ಪದಲ್ಲಿ 62. ಅದೂ ಅಂದಾಜಿನ ಲೆಕ್ಕ. ಸಾಲಾಗಿ ಜೋಡಿಸಿದ ಸೆಲ್‌ಗಳಲ್ಲಿ ಒಂದು ಸೊರಗಿದ್ದರೂ ಸಾಕು, ಪೂರ್ತಿ ಭಾರ ಮೈಮೇಲೆ ಬಿದ್ದ ಕೂಡಲೇ ಅದರ ವೋಲ್ಟೇಜ್ ಕುಸಿಯುತ್ತದೆ, ಅಪಾಯವಾಗದಿರಲೆಂದು ಬ್ಯಾಟರಿಯ ಒಳಗಿನ ಸರ್ಕ್ಯೂಟೇ ಕರೆಂಟ್ ಕಡಿದುಬಿಡುತ್ತದೆ. ಮಾರುವ ಮೊದಲು ಒಂದು ನಿಮಿಷ ಕೊಟ್ಟಿದ್ದರೆ ಮಾರಿದವರಿಗೂ ಇದು ಕಾಣುತ್ತಿತ್ತು. ಈ ಪುಟವನ್ನು ಪ್ರತಿ ಬಳಸಿದ ಲ್ಯಾಪ್‌ಟಾಪಿನ ಫೋಟೊಗಳ ಜೊತೆ ಕಡ್ಡಾಯವಾಗಿ ಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮುಚ್ಚಳದ ಫೋಟೊ ಆರು ಕಡೆಯಿಂದ ತೆಗೆಯುವವರಿಗೆ ಇದೊಂದು ಭಾರವಲ್ಲ.

ಇನ್ನೊಂದು ಮುಚ್ಚಿಟ್ಟ ವಿಷಯವಿದೆ, ಅದು ರಿಪೇರಿಯಿಂದ ಹೋಗುವಂಥದ್ದಲ್ಲ. ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ವಿಂಡೋಸ್ 11ಕ್ಕೆ, ಇಂಟೆಲ್ ಆದರೆ, ಕೆಲವೇ ಅಪವಾದ ಬಿಟ್ಟು ಎಂಟನೆಯ ತಲೆಮಾರಿನ ಪ್ರೊಸೆಸರ್ ಬೇಕು. ಐ5-6300ಯು ಎಂದರೆ ಆರನೆಯದು, ಐ5-7200ಯು ಏಳನೆಯದು, ಐ5-8250ಯು ಎಂಟನೆಯದು. ಅಡ್ಡಗೆರೆಯ ನಂತರದ ಮೊದಲ ಅಂಕಿ ನೋಡಿದರೆ ಸಾಕು, ಅದು 1 ಆಗಿದ್ದರೆ ಮೊದಲ ಎರಡು ಅಂಕಿ. ಜಾಹೀರಾತಿನಲ್ಲಿ 'ಐ5' ಎಂದಷ್ಟೇ ದಪ್ಪಕ್ಷರದಲ್ಲಿ ಬರೆದು ತಲೆಮಾರನ್ನು ಕೆಳಗೆಲ್ಲೋ ಸಣ್ಣದಾಗಿ ಬರೆಯುವುದು, ಅಥವಾ ಆರನೆಯ ತಲೆಮಾರಿನ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ತುಂಬಿ 'ವಿಂಡೋಸ್ 11 ಲ್ಯಾಪ್‌ಟಾಪ್' ಎಂದು ಕರೆಯುವುದು, ಇದನ್ನು ನಾನು ಮೋಸವೆಂದೇ ಹೇಳುತ್ತೇನೆ.

ಆ ಫೋನ್ ಬಂದ ಮರುದಿನ ಬೆಳಿಗ್ಗೆ ಬೀಳಗಿಯಿಂದ ಯಂತ್ರ ತರಿಸಿಕೊಂಡೆ. ಆಗ ನನ್ನಿಂದ ಒಂದು ತಪ್ಪಾಯಿತು. ನಮ್ಮ ಕಡೆ ವಸ್ತು ಕೆಟ್ಟರೆ ಕಾಲು ಮೊದಲು ಹೋಗುವುದು ರಿಪೇರಿ ಅಂಗಡಿಗೆ. ಪಂಪ್‌ಸೆಟ್ ಸುಟ್ಟರೂ ಹಾಗೆ, ಮಗ್ಗದ ಮೋಟರ್ ನಿಂತರೂ ಹಾಗೆ. ಜಮಖಂಡಿಯ ಪರಿಚಯದ ಅಂಗಡಿಗೆ ಒಯ್ದೆ. ಆತ ಹಿಂದಿನ ಹನ್ನೊಂದು ಸ್ಕ್ರೂ ಬಿಚ್ಚಿ, ಅವನ್ನು ಒಂದು ಮುಚ್ಚಳದಲ್ಲಿ ಕೂಡಿಹಾಕಿ, ಪ್ಲಾಸ್ಟಿಕ್ ಪಟ್ಟಿಯಿಂದ ಅಂಚು ಎಬ್ಬಿಸಿದ. ರ‍್ಯಾಮ್ ತೆಗೆದು ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಉಜ್ಜಿ, ಊದಿ, ಮತ್ತೆ ಕೂಡಿಸಿದ. ಬ್ಯಾಟರಿಯ ಮೇಲೆ ಬೆರಳಾಡಿಸಿದ. ನಡುವೆ ಸ್ವಲ್ಪ ಉಬ್ಬಿತ್ತು. "ಇದು ಇದರ ಬ್ಯಾಟರಿ ಅಲ್ರಿ ಸರ, ಯಾವುದರದೋ ತಂದು ಹಾಕ್ಯಾರ" ಎಂದ. ಮುನ್ನೂರು ರೂಪಾಯಿ ತಗೊಂಡ.

ಆ ಮುನ್ನೂರು ರೂಪಾಯಿಯ ಪ್ರಾಮಾಣಿಕ ಕೆಲಸವೇ ನಮಗೆ ಮುಳುವಾಯಿತು. ಸ್ಕ್ರೂ ಮೇಲಿನ ಕಾಗದದ ಸೀಲ್ ಹರಿದಿತ್ತು. ವಾಪಸ್ ತೆಗೆದುಕೊಳ್ಳಿ ಎಂದು ಅದೇ ದಿನ ಸಂಜೆ ಬರೆದರೆ, ಸೀಲ್ ಹರಿದ ಯಂತ್ರಕ್ಕೆ ವಾರಂಟಿ ಇಲ್ಲ ಎಂದು ಉತ್ತರ ಬಂತು. ಈ ವಾದಕ್ಕೆ ಹುರುಳಿಲ್ಲ. ಹನ್ನೊಂದು ಸ್ಕ್ರೂ ಬಿಚ್ಚಿದ್ದರಿಂದ ಬ್ಯಾಟರಿಯ ಮೂವತ್ತೊಂದೂವರೆ ಸಾವಿರ ಕರಗಿಹೋಗಲು ಸಾಧ್ಯವಿಲ್ಲ. ನಮ್ಮ ರಿಪೋರ್ಟು ಹಿಂದಿನ ರಾತ್ರಿಯದು, ಆಗ ಸೀಲ್ ಇನ್ನೂ ಹಾಗೇ ಇತ್ತು. ಆದರೆ ವಾದಕ್ಕೆ ಜಾಗ ಮಾಡಿಕೊಟ್ಟವನು ನಾನೇ. ಸ್ಕ್ರೂಡ್ರೈವರಿಗಿಂತ ಮುಂಚೆ ದೂರು ಹೋಗಬೇಕಿತ್ತು: ಚಾರ್ಜರ್ ಕಿತ್ತಾಗ ಯಂತ್ರ ಸಾಯುವ ವಿಡಿಯೊ, ಆ ಬ್ಯಾಟರಿ ಪುಟ, ಕೆಳಗಿನ ಸೀರಿಯಲ್ ನಂಬರಿನ ಫೋಟೊ, ಮೂರನ್ನೂ ಲಗತ್ತಿಸಿ. ಫೋನಿನಲ್ಲಿ ಹೇಳಿದ ಮಾತು ಗಾಳಿಗೆ ಹೋಗುತ್ತದೆ. ಅವರು ಫೋನ್ ಮಾಡಿ "ವಿಂಡೋಸ್ ಅಪ್‌ಡೇಟ್ ಮಾಡಿ ನೋಡಿ, ಎರಡು ದಿನ ಬಿಟ್ಟು ಹೇಳಿ" ಎನ್ನುವುದು ಗಡುವು ದಾಟಿಸುವ ಮಾತಾಗಿಬಿಡುತ್ತದೆ.

ಕಾನೂನು ಮಾತ್ರ ಈ ವಿಷಯದಲ್ಲಿ ನಾನು ಅಂದುಕೊಂಡದ್ದಕ್ಕಿಂತ ನಮ್ಮ ಕಡೆಗಿದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ವಸ್ತು ದೋಷಪೂರಿತವಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣ ಅದಕ್ಕಿಲ್ಲದಿದ್ದರೆ ವಾಪಸ್ ಪಡೆಯಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. 'ಬಳಸಿದ ವಸ್ತು' ಎಂಬ ಮಾತು ಇದರಿಂದ ತಪ್ಪಿಸಿಕೊಳ್ಳುವ ಕಿಂಡಿಯಲ್ಲ. ಬಳಸಿದ್ದು ಬೇರೆ, ಕೆಟ್ಟದ್ದು ಬೇರೆ. ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಮುಟ್ಟಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಇನ್ನೂ ದೊಡ್ಡ ಉಪಕಾರ ಮಾಡಿದೆ: ಕೊಂಡವನು ತಾನಿರುವ ಜಿಲ್ಲೆಯಲ್ಲೇ ಮೊಕದ್ದಮೆ ಹೂಡಬಹುದು. ಮಾರಿದವನು ದಿಲ್ಲಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ನಮಗೆ ಬಾಗಲಕೋಟೆಯ ಜಿಲ್ಲಾ ಆಯೋಗ ಸಾಕು. ₹5 ಲಕ್ಷದವರೆಗೆ ಶುಲ್ಕವಿಲ್ಲ, ಎರಡು ವರ್ಷದ ಕಾಲಾವಕಾಶವಿದೆ, ದೂರನ್ನು ಆನ್‌ಲೈನಿನಲ್ಲೇ ಸಲ್ಲಿಸಬಹುದು, ವಿಡಿಯೊ ಮೂಲಕ ಹಾಜರಾಗಲು ಅರ್ಜಿ ಕೊಡಬಹುದು. ರಬಕವಿಯವರಿಗೆ ಬಾಗಲಕೋಟೆ ದೂರವಾದ್ದರಿಂದ ಈ ಕೊನೆಯದು ಸಣ್ಣ ಸೌಲಭ್ಯವಲ್ಲ. ಬನಹಟ್ಟಿಯ ಒಬ್ಬ ಡಿಸೈನರ್, "ನಮ್ದು ಧಂದೇಕ್ ತಗೊಂಡದ್ದಲ್ಲೇನ್ರಿ, ನಾವು ಗ್ರಾಹಕರ ಹೆಂಗಾಗ್ತೇವ್ರಿ" ಎಂದು ಕೇಳಿದರು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕೇ ಕೊಂಡದ್ದಾದರೆ ಅವರೂ ಗ್ರಾಹಕರೇ. ಕಾಯ್ದೆಯಲ್ಲೇ ಹಾಗೆ ವಿವರಣೆ ಇದೆ.

ಇದೆಲ್ಲ ಅಂಗಡಿ ನಡೆಸುವವರಿಂದ ಕೊಂಡಾಗ. ತನ್ನ ಹಳೆಯ ಯಂತ್ರವನ್ನು ಯಾರೋ ಒಬ್ಬ ವ್ಯಕ್ತಿ ಜಾಹೀರಾತು ಹಾಕಿ ಮಾರಿದರೆ ಆ ನಿಯಮಗಳು ಅವನಿಗೆ ಅನ್ವಯಿಸುವುದಿಲ್ಲ. ಅಲ್ಲಿ ನೋಡದೆ ಹಣ ಕಳಿಸಲೇಬಾರದು. ಕಳಿಸಿ ವಸ್ತುವೇ ಬರದಿದ್ದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ನಾನು ಡಯಲ್ ಮಾಡಿದ್ದು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದೆ. ದೂರಿನ ಸಂಖ್ಯೆ ಸಿಕ್ಕಿತು. ಅದನ್ನು ಬರೆದು ಮಾರಾಟಗಾರರ ಕುಂದುಕೊರತೆ ಅಧಿಕಾರಿಗೆ ಮೇಲ್ ಮಾಡಿದೆ. ಮೊದಲು ಬೇರೊಂದು ಬ್ಯಾಟರಿ ಕಳಿಸುತ್ತೇವೆ ಎಂದರು. ಅದೂ ಬಳಸಿದ್ದೇ ಎಂದು ತಿಳಿದು ಬೇಡವೆಂದೆ. ಕೊನೆಗೆ ಯಂತ್ರ ತೆಗೆದುಕೊಂಡು ಹೋದರು, ನಲವತ್ತೇಳನೆಯ ದಿನ ₹18,500 ಖಾತೆಗೆ ಬಂತು. ಅಷ್ಟರಲ್ಲಿ ಹುಡುಗಿ ಕಾಲೇಜಿನ ಲ್ಯಾಬಿನಲ್ಲಿ, ಅದು ತೆರೆದಿದ್ದಷ್ಟು ಹೊತ್ತು ಕೂತು, ಪ್ರಾಜೆಕ್ಟ್ ಮುಗಿಸಿದ್ದಳು. ಹಣ ಬಂದದ್ದನ್ನು ಗೆಲುವು ಎನ್ನಲು ನನಗೆ ಮನಸ್ಸಾಗುವುದಿಲ್ಲ. ಅವಳಿಗೆ ಬೇಕಿದ್ದದ್ದು ಆ ಒಂದೂವರೆ ತಿಂಗಳ ಮಟ್ಟಿಗೆ ಒಂದು ಕಂಪ್ಯೂಟರ್. ಅದನ್ನು ಯಾವ ರೀಫಂಡೂ ಕೊಡಲಿಲ್ಲ.

ಎರಡನೆಯ ಸಲವೂ ಬಳಸಿದ್ದನ್ನೇ ಕೊಂಡೆವು. ಈ ಸಲ ಪಾರ್ಸೆಲ್ ನೇರ ಬೀಳಗಿಗೆ. ಡಬ್ಬಿ ಒಡೆಯುವಾಗ ತಮ್ಮನಿಂದ ವಿಡಿಯೊ ಮಾಡಿಸಿದಳು. ನೂರು ಚಾರ್ಜ್ ತುಂಬಿಸಿ, ವೈರ್ ಕಿತ್ತು, ಎದುರಿಗೆ ಗಡಿಯಾರ ಇಟ್ಟುಕೊಂಡು ಒಂದು ಸಿನಿಮಾ ಹಚ್ಚಿ ಕೂತಳು. ಎರಡು ತಾಸು ಐವತ್ತು ನಿಮಿಷ ಬಂತು. ಒಂದೊಂದೇ ಕೀಲಿ ಒತ್ತಿ ನೋಡಿದಳು. ಕೀಲಿ ಒಂದು, ಸ್ಪೇಸ್ ಪಕ್ಕದ್ದು, ಅಂಟುತ್ತಿತ್ತು. ಅದನ್ನು ಎರಡನೆಯ ದಿನವೇ ಬರೆದು ಕಳಿಸಿ, ಅವರಿಂದ ರಿಪೇರಿಗೆ ಒಪ್ಪಿಗೆ ಲಿಖಿತವಾಗಿ ತರಿಸಿಕೊಂಡು, ಆಮೇಲೆ ಜಮಖಂಡಿಗೆ ತಂದಳು.

ಅಂಗಡಿಯಾತನೂ ಬದಲಾಗಿದ್ದಾನೆ. ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ "ಆನ್‌ಲೈನ್‌ದೇನ್ರಿ? ಎಷ್ಟು ದಿನಾ ಆತ್ರಿ?" ಎಂದು ಕೇಳುತ್ತಾನೆ. ಏಳು ದಿನದೊಳಗಿದ್ದರೆ ಬಿಚ್ಚುವುದಿಲ್ಲ. ಬಿಲ್ ಪುಸ್ತಕದ ಹಾಳೆ ಹರಿದು, ಕಂಡ ದೋಷ, ಸೀರಿಯಲ್ ನಂಬರ್, ಬ್ಯಾಟರಿಯ ಎರಡು ಅಂಕಿ, ತಾರೀಖು, ಅಂಗಡಿಯ ಸಿಕ್ಕಾ, ಇಷ್ಟು ಹಾಕಿ ಕೊಡುತ್ತಾನೆ. ಮುಧೋಳದಿಂದ ಬಂದಿದ್ದ ಒಬ್ಬ ಹುಡುಗ ಆ ಹಾಳೆಯನ್ನು ಎರಡು ಸಲ ಓದಿ, ಮಡಚಿ, ಪಾರ್ಸೆಲ್ ಡಬ್ಬಿಯೊಳಗೆ ಚಾರ್ಜರಿನ ಪಕ್ಕ ಇಟ್ಟುಕೊಳ್ಳುವುದನ್ನು ನಾನು ನೋಡಿದೆ.