ಬ್ಯಾಟರಿಯ ಮಾತು

ಹಲವು ಡಿಸ್ಕುಗಳನ್ನು ಕೂಡಿಸಿ ಒಂದಾಗಿ ನಡೆಸುವ ರೇಡ್ ಕಂಟ್ರೋಲರ್ ಕಾರ್ಡ್ ಕೈಗೆ ಬಂದರೆ ನಾನು ಮೊದಲು ತಿರುವಿ ನೋಡುವುದು ಅದರ ಬ್ಯಾಟರಿಯನ್ನು. ಚಿಪ್ ಯಾವುದು, ಪೋರ್ಟ್ ಎಷ್ಟು, ವೇಗ ಎಷ್ಟು ಎಂಬುದೆಲ್ಲ ಆಮೇಲೆ. ಬೆಂಗಳೂರಿನ ಡೇಟಾ ಸೆಂಟರುಗಳಲ್ಲಿರುವ ಗೆಳೆಯರು ಇದನ್ನು ಒಪ್ಪುವುದಿಲ್ಲ. ಅವರಿಗೆ ಎರಡು ಕಡೆಯಿಂದ ವಿದ್ಯುತ್ತು, ಹೊರಗೆ ಜನರೇಟರ್, ಒಳಗೆ ಮೈ ನಡುಗಿಸುವ ಎಸಿ. ಸವಡಿಯಲ್ಲಿದ್ದುಕೊಂಡು ರೋಣ, ಗಜೇಂದ್ರಗಡ, ನರಗುಂದದ ಸಣ್ಣಪುಟ್ಟ ಕಚೇರಿಗಳ ಸರ್ವರ್ ನೋಡಿಕೊಳ್ಳುವ ನನಗೆ ಕಾರ್ಡಿನ ಯೋಗ್ಯತೆ ತಿಳಿಯುವುದು ಕರೆಂಟ್ ಹೋದ ಗಳಿಗೆಯಲ್ಲಿ.

ಹೋದ ತಿಂಗಳು ಈ ಭಾಗದ ಒಂದು ಸಹಕಾರಿ ಸಂಘದಿಂದ ಫೋನ್ ಬಂತು. ನಾಲ್ಕು ಡಿಸ್ಕುಗಳ ಸರ್ವರ್, ರೇಡ್ 5. ಮಳೆ-ಗಾಳಿಗೆ ಕರೆಂಟ್ ಹೋಗಿದೆ, ಯುಪಿಎಸ್ ಕೂಡ ಕೈಕೊಟ್ಟಿದೆ. ಹೋಗಿ ನೋಡಿದರೆ ನಾಲ್ಕೂ ಡಿಸ್ಕಿನ ದೀಪ ಹಸಿರು, ಡೇಟಾಬೇಸ್ ಮಾತ್ರ ಏಳುತ್ತಿಲ್ಲ. ಕಾರ್ಡಿನ ಮೆನು ತೆರೆದೆ. ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ! ಬರೆಯುವ ಕ್ರಮವನ್ನು ಮಾತ್ರ ‘ಆಲ್ವೇಸ್ ರೈಟ್ ಬ್ಯಾಕ್’ ಎಂದು ಇಟ್ಟಿದ್ದರು. ಸರ್ವರ್ ನಿಧಾನವಾಯಿತೆಂದು ಯಾರೋ ಮಾಡಿಹೋದ ಕೆಲಸ.

ಇದರ ಅರ್ಥ ಇಷ್ಟು. ‘ರೈಟ್ ಥ್ರೂ’ ಇದ್ದರೆ ಡಿಸ್ಕಿನ ಮೇಲೆ ಅಕ್ಷರ ಮೂಡಿದ ಮೇಲೆಯೇ ಕಾರ್ಡು ‘ಬರೆದಾಯ್ತು’ ಅನ್ನುತ್ತದೆ. ‘ರೈಟ್ ಬ್ಯಾಕ್’ ಇದ್ದರೆ ತನ್ನ ಕ್ಯಾಶ್ ಮೆಮೊರಿಗೆ ಬಂದ ಕೂಡಲೇ ‘ಬರೆದಾಯ್ತು’ ಅಂದು, ಡಿಸ್ಕಿಗೆ ಪುರುಸೊತ್ತಿನಲ್ಲಿ ಇಳಿಸುತ್ತದೆ. ಹಾಗಾಗಿ ಕೆಲಸ ಬಹಳ ಚುರುಕು. ಆದರೆ ಆ ‘ಬರೆದಾಯ್ತು’ ಎಂಬ ಮಾತನ್ನು ಕರೆಂಟ್ ಹೋದಾಗ ಉಳಿಸಿಕೊಡುವುದು ಬ್ಯಾಟರಿ ಒಂದೇ. ಬ್ಯಾಟರಿ ಸತ್ತರೆ ತಾನಾಗಿ ರೈಟ್ ಥ್ರೂಗೆ ಇಳಿದು ನಿಧಾನವಾಗುವುದು ಒಳ್ಳೆಯ ಕಾರ್ಡಿನ ಗುಣ. ಆ ನಿಧಾನವೇ ಅದು ಕೊಡುವ ಎಚ್ಚರಿಕೆ. ‘ಆಲ್ವೇಸ್’ ಅನ್ನುವುದನ್ನು ಆರಿಸಿದವರು ಆ ಎಚ್ಚರಿಕೆಯ ಬಾಯಿ ಕಟ್ಟಿದ್ದರು. ಸಂಘದ ಪುಣ್ಯ, ಹಿಂದಿನ ಸಂಜೆಯ ಬ್ಯಾಕಪ್ ಬೇರೆ ಡಿಸ್ಕಿನಲ್ಲಿತ್ತು. ಒಂದು ದಿನದ ವೋಚರುಗಳನ್ನು ಕಾಗದ ನೋಡಿ ಮತ್ತೆ ಹೊಡೆದರು.

ನಾನು ಹಳೆಯ ಕಾರ್ಡ್ ಬಿಚ್ಚುತ್ತಿದ್ದಾಗ ಅಲ್ಲಿನ ಹಿರಿಯ ಕ್ಯಾಷಿಯರ್ ಕುರ್ಚಿ ಎಳೆದುಕೊಂಡು ಕೂತರು.

“ತಮ್ಮಾ, ಒಂದ್ ಡಿಸ್ಕ್ ಹ್ವಾದ್ರ ಉಳದ ಮೂರು ಕೂಡಿ ಅದನ್ನ ಮತ್ತ ಹುಟ್ಟಸ್ತಾವು ಅಂತಾರಲ್ಲ, ಹ್ಯಾಂಗ?”

“ಒಂದಕ್ಕೊಂದು ಜಾಮೀನು ನಿಂತಿರ್ತಾವ್ರೀ ಕಾಕಾ. ನಿಮ್ಮ ಕಿರ್ದಿಯೊಳಗ ಮೂರು ಮಂದಿ ಜಮಾ 40, 25, 35, ಒಟ್ಟು 100 ಅಂತ ಬರದೀರಿ. 25ರ ಮ್ಯಾಲೆ ಚಹಾ ಚೆಲ್ಲಿತು ಅಂತ ತಿಳೀರಿ.”

“ನೂರರಾಗ ಎಪ್ಪತ್ತೈದು ಕಳದ್ರ ಸಿಕ್ತು” ಅಂದರು ಅವರು, ನಾನು ಮುಗಿಸುವ ಮೊದಲೇ.

ಪ್ಯಾರಿಟಿ ಎಂದರೆ ಅದೇ. ಕೂಡುವ ಬದಲು ಅಲ್ಲಿ 1ಗಳ ಸಂಖ್ಯೆ ಸಮವೋ ಬೆಸವೋ ಎಂದು ಗುರುತು ಹಾಕಿಡುತ್ತಾರೆ. ಡಿಸ್ಕುಗಳ ಒಂದೇ ಸಾಲಿನ ಬಿಟ್‌ಗಳು 1, 0, 1 ಇದ್ದರೆ ಗುರುತು 0. 1, 1, 1 ಇದ್ದರೆ ಗುರುತು 1. ಯಾವ ಡಿಸ್ಕ್ ಹೋದರೂ ಉಳಿದವನ್ನೂ ಗುರುತನ್ನೂ ಎಣಿಸಿದರೆ ಕಳೆದದ್ದು ಗೊತ್ತಾಗುತ್ತದೆ. ಈ ಗುರುತು ರೇಡ್ 5ರಲ್ಲಿ ಒಂದೇ ಡಿಸ್ಕಿನಲ್ಲಿ ಕೂರದೆ ಸರದಿಯಂತೆ ಎಲ್ಲದರ ಮೇಲೂ ಹಂಚಿಹೋಗುತ್ತದೆ.

ಜಾಮೀನು ಎಂಬ ಮಾತು ನನ್ನ ಬಾಯಿಗೆ ಬರಲು ಕಾರಣವಿದೆ. ಭಾರತದ ಮೊದಲ ಕೃಷಿ ಸಹಕಾರಿ ಸಂಘ ಹುಟ್ಟಿದ್ದು ನಮ್ಮದೇ ಜಿಲ್ಲೆಯ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಆಗಿನ 1904ರ ಕಾಯ್ದೆಯಂತೆ ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಸೋತರೆ ಉಳಿದವರು ತುಂಬಿಕೊಡಬೇಕು. ಸಾಹುಕಾರನೊಬ್ಬನ ಮನೆ ಬಾಗಿಲಿಗೆ ಹೋಗುವ ಬದಲು ಸಣ್ಣವರೇ ಕೂಡಿ ನಿಂತರು. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕ್ಯಾಟ್ಜ್ ಮಂಡಿಸಿದ ಪ್ರಬಂಧದ ತಿರುಳೂ ಇದೇ ಜಾತಿಯದು. 7,500 ಎಂಬಿಯ ದುಬಾರಿ ಐಬಿಎಂ ಡಿಸ್ಕ್ ಒಂದರ ಬದಲು, ಪರ್ಸನಲ್ ಕಂಪ್ಯೂಟರಿಗೆ ಹಾಕುವ 100 ಎಂಬಿಯ ಅಗ್ಗದ ಡಿಸ್ಕುಗಳನ್ನು ಸಾಲಾಗಿ ಕೂಡಿಸಿದರೆ ಹೇಗೆ? ಅದರ ಅಪಾಯವನ್ನೂ ಅವರೇ ಲೆಕ್ಕ ಹಾಕಿ ತೋರಿಸಿದರು. ಒಂದೊಂದು ಡಿಸ್ಕಿನ ಸರಾಸರಿ ಆಯುಷ್ಯ 30,000 ಗಂಟೆ ಎಂದಿಟ್ಟುಕೊಂಡರೂ, ಅಂಥ 100 ಡಿಸ್ಕುಗಳ ಗುಂಪಿನಲ್ಲಿ 300 ಗಂಟೆಗೊಂದು ಹೋಗುತ್ತದೆ, ಅಂದರೆ ಎರಡು ವಾರದೊಳಗೆ. ಆದ್ದರಿಂದ ಜಾಮೀನು ಬೇಕು. ಪ್ರಬಂಧದ ಈ ಭಾಗ ಓದಿದಾಗಲೆಲ್ಲ ನನಗೆ ಕಣಗಿನಹಾಳ ನೆನಪಾಗುತ್ತದೆ.

ಹಾಗಿದ್ದೂ ಈ ಸಂಘಕ್ಕೆ ನಾನು ಮತ್ತೆ ರೇಡ್ 5 ಕಟ್ಟಲಿಲ್ಲ. ಈಗ ಹಾಕಿದ ಡಿಸ್ಕುಗಳು 4 ಟಿಬಿಯವು. ನಾಲ್ಕರಲ್ಲಿ ಒಂದು ಹೋದರೆ ಹೊಸದನ್ನು ತುಂಬಲು ಉಳಿದ ಮೂರರ 12 ಟಿಬಿಯನ್ನೂ ತಪ್ಪಿಲ್ಲದೆ ಓದಬೇಕು. ಮನೆಬಳಕೆಯ ಡಿಸ್ಕುಗಳಿಗೆ ತಯಾರಕರೇ ನಮೂದಿಸುವ ಮಿತಿ ಸುಮಾರು 12.5 ಟಿಬಿ ಓದಿಗೆ ಓದಲಾಗದ ಒಂದು ತಾಣ. ಸರ್ವರಿಗೆಂದೇ ಮಾಡಿದವು ಇದಕ್ಕಿಂತ ವಾಸಿ, ಆದರೂ ಅಷ್ಟು ಅಂಚಿನಲ್ಲಿ ಊರವರ ಠೇವಣಿ ಲೆಕ್ಕ ಇಡಲು ನನಗೆ ಮನಸ್ಸಿಲ್ಲ. ಮೇಲಾಗಿ ರೇಡ್ 5ರಲ್ಲಿ ಒಂದು ಸಣ್ಣ ನಮೂದಿಗೂ ಹಳೆಯ ಅಂಕಿ ಓದು, ಹಳೆಯ ಗುರುತು ಓದು, ಎರಡನ್ನೂ ಹೊಸದಾಗಿ ಬರೆ ಎಂದು ನಾಲ್ಕು ಸಲದ ಓಡಾಟ. ಲೆಕ್ಕಪತ್ರದ ಡೇಟಾಬೇಸಿಗೆ ರೇಡ್ 10 ಹೊಂದುತ್ತದೆ: ಎರಡೆರಡು ಡಿಸ್ಕುಗಳ ಜೋಡಿ, ಜೋಡಿಯಲ್ಲಿ ಇಬ್ಬರ ಬಳಿಯೂ ಒಂದೇ ನಕಲು. ಅರ್ಧ ಜಾಗ ಹೋಗುತ್ತದೆ ಎಂದು ಕಾರ್ಯದರ್ಶಿಯವರು ತುಸು ಮುಖ ಸಣ್ಣ ಮಾಡಿದರು. ಕಾಕಾ ನನ್ನ ಪರ ನಿಂತರು.

ಕಾರ್ಡ್ ಕೂರಿಸುವುದು ನನಗೆ ಅತ್ಯಂತ ಪ್ರಿಯವಾದ ಕೆಲಸ. ಮೊದಲು ಪೆಟ್ಟಿಗೆಯೊಳಗಿನ ಎರಿ ಮಣ್ಣಿನ ಧೂಳನ್ನು ಊದಿ ತೆಗೆಯಬೇಕು. ಈ ಕಾರ್ಡುಗಳು ಗಾಳಿಯ ಹರಿವಿನಲ್ಲೇ ಬದುಕುವಂತೆ ಮಾಡಿದವು, ಧೂಳು ಕಟ್ಟಿದ ಫ್ಯಾನಿನ ಹಿಂದೆ ಬಿಸಿಯೇರಿ ಸೊರಗುತ್ತವೆ. ಎಂಟು ಲೇನಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಎರಡೂ ಹೆಬ್ಬೆರಳಿನಿಂದ ಸಮವಾಗಿ ಒತ್ತಿದಾಗ ಕಾರ್ಡು ಕೂರುವ ಆ ಗಟ್ಟಿತನ, ಒಂದೊಂದರಲ್ಲಿ ನಾಲ್ಕು ಡಿಸ್ಕಿನ ದಾರಿ ಹೊತ್ತ ಕೇಬಲ್ ‘ಟಕ್’ ಎಂದು ಹಿಡಿದುಕೊಳ್ಳುವ ಸದ್ದು, ಇವು ಕೈಗೆ ಅಭ್ಯಾಸವಾದ ಮೇಲೂ ಹಳತಾಗುವುದಿಲ್ಲ. ಕೇಬಲನ್ನು ಸೆಳೆದು ಕಟ್ಟಬಾರದು. ಒಂದು ಸಡಿಲು ಸುತ್ತು ಇರಲಿ.

ನಾನು ತಂದದ್ದು ಮೆಗಾರೇಡ್ ಕುಲದ ಕಾರ್ಡು. ಇದರ ವಂಶಾವಳಿ ಹೇಳಬೇಕು. ಇದನ್ನು ಬೆಳೆಸಿದ್ದು ಸುಬ್ರಮಣಿಯನ್ ಶಂಕರ್ ಅಮೆರಿಕದಲ್ಲಿ 1985ರಲ್ಲಿ ಕಟ್ಟಿದ ಅಮೆರಿಕನ್ ಮೆಗಾಟ್ರೆಂಡ್ಸ್. 2001ರಲ್ಲಿ ಆ ವಿಭಾಗ ಎಲ್‌ಎಸ್‌ಐ ಲಾಜಿಕ್ ಕೈಸೇರಿತು, ಈಗ ಬ್ರಾಡ್‌ಕಾಮ್ ಬಳಿ ಇದೆ. ಬೇರೆ ಕಂಪನಿಗಳ ಹೆಸರು ಹೊತ್ತ ಎಷ್ಟೋ ಕಾರ್ಡುಗಳ ಒಳಗೂ ಇದೇ ರಕ್ತ. ಈ ಹೊಸದರಲ್ಲಿ ಲಿಥಿಯಂ ಬ್ಯಾಟರಿಯ ಜಾಗಕ್ಕೆ ಸೂಪರ್ ಕೆಪಾಸಿಟರ್ ಬಂದಿದೆ. ಹಳೆಯ ಬ್ಯಾಟರಿ ಕ್ಯಾಶಿನ ಸರಕನ್ನು ಸುಮಾರು ಮೂರು ದಿನ ಎಚ್ಚರವಿದ್ದು ಕಾಯುತ್ತಿತ್ತು. ನಡುವೆ ತನ್ನನ್ನೇ ಬರಿದಾಗಿಸಿ ಮತ್ತೆ ತುಂಬಿಕೊಳ್ಳುವ ‘ಲರ್ನ್ ಸೈಕಲ್’ ಬಂದಾಗ ಸರ್ವರ್ ಎಳೆದಾಡುತ್ತಿತ್ತು. ಕೆಪಾಸಿಟರ್ ಹಾಗಲ್ಲ. ಕರೆಂಟ್ ಹೋದ ಕೂಡಲೇ ತನ್ನಲ್ಲಿರುವ ಶಕ್ತಿಯಿಂದ ಕ್ಯಾಶಿನಲ್ಲಿದ್ದುದನ್ನೆಲ್ಲ ಪಕ್ಕದ ಫ್ಲ್ಯಾಶ್ ಮೆಮೊರಿಗೆ ಇಳಿಸಿ ನಿಶ್ಚಿಂತವಾಗುತ್ತದೆ. ಕರೆಂಟ್ ಯಾವಾಗ ಬಂದರೂ ಸರಿ.

ಮೆನುವಿನಲ್ಲಿ ನಾನು ಮುಟ್ಟುವುದು ಕೆಲವನ್ನೇ. ಬರೆಯುವ ಕ್ರಮ ರೈಟ್ ಬ್ಯಾಕ್, ‘ಆಲ್ವೇಸ್’ ಬೇಡ. ಡಿಸ್ಕುಗಳ ಸ್ವಂತ ಕ್ಯಾಶ್ ಬಂದ್, ಏಕೆಂದರೆ ಕಾರ್ಡಿನ ಕಾವಲು ಅಲ್ಲಿಗೆ ಮುಟ್ಟುವುದಿಲ್ಲ. ‘ಪಟ್ರೋಲ್ ರೀಡ್’ ಚಾಲೂ; ಓದಲಾಗದ ತಾಣಗಳನ್ನು ಹುಡುಕಿಕೊಂಡು ಡಿಸ್ಕುಗಳ ಮೇಲೆ ವಾರಕ್ಕೊಮ್ಮೆ, 168 ಗಂಟೆಗೊಮ್ಮೆ, ಹೊಡೆಯುವ ಗಸ್ತು ಅದು. ಅದನ್ನು ಭಾನುವಾರ ರಾತ್ರಿಗೆ ಹೊಂದಿಸುತ್ತೇನೆ. ಇನ್ನೊಂದು ಮಾತು, ಈ ಕೆಲಸಕ್ಕೆ ಹೊಸಬರಾದವರಿಗೆ: ಬೇರೆ ಕಾರ್ಡಿನಿಂದ ಬಂದ ಡಿಸ್ಕುಗಳನ್ನು ಕಂಡಾಗ ಮೆನು ‘ಫಾರಿನ್ ಕಾನ್ಫಿಗರೇಶನ್’ ಎಂದು ಕೇಳುತ್ತದೆ. ‘ಇಂಪೋರ್ಟ್’ ಒತ್ತಿದರೆ ಹಳೆಯ ಗುಂಪು ಬದುಕುತ್ತದೆ, ‘ಕ್ಲಿಯರ್’ ಒತ್ತಿದರೆ ಆ ಗುಂಪಿನ ಗುರುತೇ ಅಳಿಯುತ್ತದೆ. ಅಲ್ಲಿ ಬೆರಳು ಎತ್ತಿ, ಎದ್ದು ಹೋಗಿ ಒಂದು ಚಹಾ ಕುಡಿದು ಬನ್ನಿ.

ಇಷ್ಟೆಲ್ಲ ಎಚ್ಚರ ಯಾಕೆ ಎಂದರೆ ನಮ್ಮೂರನ್ನೇ ನೋಡಿ. ಇಲ್ಲಿನ ಬ್ರಹ್ಮದೇವರ ಗುಡಿ ರಾಷ್ಟ್ರಕೂಟರ ಕಾಲದ್ದು. ಕಲ್ಲಿನಲ್ಲಿ ಕಟ್ಟಿದವರ ಊರಿನಲ್ಲಿ ಹೊಲದ ಉತಾರ, ಅಂದರೆ ಪಹಣಿ, ಬಹುಕಾಲ ರುಮಾಲು ಸುತ್ತಿದ ಕಾಗದದಲ್ಲಿತ್ತು. ಭೂಮಿ ಯೋಜನೆ ಬಂದ ಮೇಲೆ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. 15 ರೂಪಾಯಿ ಕೊಟ್ಟು ಪ್ರಿಂಟರಿನಿಂದ ಬಂದ ಉತಾರವನ್ನು ಮೊದಲ ಸಲ ಕೈಯಲ್ಲಿ ಹಿಡಿದ ರೈತ, ತನ್ನ ಹೊಲ ಎಲ್ಲೋ ತಿರುಗುವ ತಟ್ಟೆಯ ಮೇಲಿದೆ ಎಂದು ಯೋಚಿಸಿರಲಿಕ್ಕಿಲ್ಲ. ಅವನು ಯೋಚಿಸಬೇಕಾಗಿಯೂ ಇಲ್ಲ. ನಾವು ಯೋಚಿಸಬೇಕು.

ಸಂಘದಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಎಲ್ಲ ಸಿದ್ಧವಾಯಿತು. ಡೇಟಾ ತುಂಬುವ ಮೊದಲು ನಾನು ಮಾಡುವ ಪರೀಕ್ಷೆ ಒಂದಿದೆ. ದೊಡ್ಡದೊಂದು ಕಡತ ಬರೆಯಲು ಹಚ್ಚಿ, ದೀಪಗಳು ಪಟಪಟ ಮಿನುಗುವಾಗ ಸರ್ವರಿನ ವಿದ್ಯುತ್ ವಯರನ್ನೇ ಕಿತ್ತೆ. ಕಾರ್ಯದರ್ಶಿಯವರು “ಅಯ್ಯಯ್ಯೋ ಸರ!” ಎಂದು ಎದ್ದು ನಿಂತರು. ಕತ್ತಲಾದ ಪೆಟ್ಟಿಗೆಯೊಳಗೆ ಕಾರ್ಡಿನ ಮೇಲೊಂದು ಸಣ್ಣ ದೀಪ ಮಾತ್ರ ಸ್ವಲ್ಪ ಹೊತ್ತು ಉರಿದು ಆರಿತು, ಇಳಿಸುವುದು ಮುಗಿದಿತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ಹಚ್ಚಿದೆ. ಕ್ಯಾಶಿನ ಸರಕು ಮರಳಿ ಬಂದು ಡಿಸ್ಕಿಗೆ ಇಳಿಯಿತೆಂದು ಕಾರ್ಡಿನ ದಾಖಲೆಯಲ್ಲಿ ಬಂತು. ‘ಬರೆದಾಯ್ತು’ ಎಂದು ಅದು ಹೇಳಿದ್ದ ಪ್ರತಿ ತುಣುಕನ್ನೂ ತಾಳೆ ನೋಡಿದೆ. ಎಲ್ಲವೂ ಇದ್ದವು.

ಕೆಪಾಸಿಟರ್ ಹಾಕಿದ ತಾರೀಖು, ಯಾವ ಸ್ಲಾಟಿನ ಡಿಸ್ಕಿಗೆ ಯಾವುದು ಜೋಡಿ, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಬಾಗಿಲಿನ ಒಳಗೆ ಅಂಟಿಸಿದೆ. ಕಾಕಾ ಕನ್ನಡಕ ಏರಿಸಿಕೊಂಡು ಅದನ್ನು ಎರಡು ಸಲ ಓದಿದರು. ಆಮೇಲೆ ಟೇಬಲ್ಲಿಗೆ ಹೋಗಿ, ಆ ದಿನದ ಕಿರ್ದಿಯ ಅಂಚಿನಲ್ಲಿ ಅದನ್ನೇ ನಕಲು ಮಾಡಿಕೊಂಡರು.